ಪುಸ್ತಕ ಮುಚ್ಚಿದ ಮೇಲೆ

ಬೆಳಗಾವಿ ಜಿಲ್ಲೆ ರಾಯಬಾಗ ತಾಲೂಕಿನ ಅಲಖನೂರದಂಥ ಊರಿನಿಂದ ಬೆಳಗಿನ ಬಸ್ಸು ಹಿಡಿದು ಡಿಗ್ರಿ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರ ಚೀಲದಲ್ಲಿ ಮೂರು ವಸ್ತು ಖಾಯಂ ಇರುತ್ತವೆ: ಒಂದು ಗೈಡು, ಹಿಂದಿನ ವರ್ಷದವರಿಂದ ಬಂದ ಝೆರಾಕ್ಸ್ ನೋಟ್ಸು, ಒಂದು ಹಳದಿ ಹೈಲೈಟರು. ಆ ನೋಟ್ಸನ್ನು ಬಿಡಿಸಿ ನೋಡಿ. ಮೊದಲ ಪುಟದಲ್ಲಿ ಎರಡೋ ಮೂರೋ ಸಾಲಿಗೆ ಮಾತ್ರ ಹಳದಿ ಬಿದ್ದಿರುತ್ತದೆ. ಹತ್ತನೆಯ ಪುಟಕ್ಕೆ ಬರುವಷ್ಟರಲ್ಲಿ ಪುಟಕ್ಕೆ ಪುಟವೇ ಹಳದಿ. ಯಾವುದು ಮುಖ್ಯ, ಯಾವುದು ಅಲ್ಲ ಎಂದು ಆರಿಸುವ ಕೆಲಸವನ್ನು ಕೈ ಎಂದೋ ಬಿಟ್ಟುಕೊಟ್ಟಿದೆ. ಕೇಳಿದರೆ "ನಾಕ ಸಲ ಓದೀನ್ರಿ" ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ. ಆದರೂ ಪರೀಕ್ಷೆಯ ಹಾಲಿನಲ್ಲಿ ಕುಳಿತಾಗ ಆ ಉತ್ತರ ಎಡಗಡೆ ಪುಟದಲ್ಲಿತ್ತು, ಅದರ ಕೆಳಗೊಂದು ಚಿತ್ರವಿತ್ತು ಎಂಬುದಷ್ಟೇ ನೆನಪಾಗುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಮನೆಯವರು ಇದನ್ನು ದಡ್ಡತನ ಎನ್ನುತ್ತಾರೆ, ಮೇಷ್ಟ್ರುಗಳು ಸೋಮಾರಿತನ ಎನ್ನುತ್ತಾರೆ. ನೆನಪಿನ ವಿಜ್ಞಾನ ಎರಡನ್ನೂ ಒಪ್ಪುವುದಿಲ್ಲ.

2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಒಂದು ಸರಳ ಪ್ರಯೋಗ ಮಾಡಿದರು. ವಿದ್ಯಾರ್ಥಿಗಳಿಗೆ ಚಿಕ್ಕ ವಿಜ್ಞಾನ ಪಾಠಗಳನ್ನು ಓದಲು ಕೊಟ್ಟರು. ಓದಿದ ಮೇಲೆ ಒಂದು ಪಾಠವನ್ನು ಇನ್ನೊಮ್ಮೆ ಓದಿಸಿದರು. ಇನ್ನೊಂದು ಪಾಠಕ್ಕೆ ಪುಸ್ತಕ ತೆಗೆದಿಟ್ಟು, ನೆನಪಿದ್ದಷ್ಟನ್ನು ಖಾಲಿ ಹಾಳೆಯ ಮೇಲೆ ಬರೆಸಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದ್ದರಲ್ಲಿ ಶೇ 81ರಷ್ಟು ನೆನಪಿತ್ತು, ಒಮ್ಮೆ ಓದಿ ಒಮ್ಮೆ ಬರೆದದ್ದರಲ್ಲಿ ಶೇ 75. ಓದೇ ಗೆದ್ದಿತು ಅನ್ನಿಸುತ್ತದೆ. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಲೆಕ್ಕ ತಿರುವುಮುರುವಾಗಿತ್ತು: ಎರಡು ಸಲ ಓದಿದ್ದು ಶೇ 42ಕ್ಕೆ ಇಳಿದಿತ್ತು, ಬರೆದು ನೋಡಿದ್ದು ಶೇ 56ರಲ್ಲಿ ನಿಂತಿತ್ತು.

ಈ ಅಂಕಿಗಳಿಗಿಂತ ಸ್ವಾರಸ್ಯದ್ದು ಇನ್ನೊಂದಿದೆ. ಇದರ ಮುಂದಿನ ಪ್ರಯೋಗದಲ್ಲಿ, ವಾರದ ನಂತರ ನಿಮಗೆ ಎಷ್ಟು ನೆನಪಿರಬಹುದು ಎಂದು ವಿದ್ಯಾರ್ಥಿಗಳನ್ನೇ ಮೊದಲು ಕೇಳಿದ್ದರು. ಮತ್ತೆ ಮತ್ತೆ ಓದಿದವರೇ ಹೆಚ್ಚು ಭರವಸೆಯಿಂದಿದ್ದರು, ಅವರೇ ಹಿಂದೆ ಬಿದ್ದರು. ಎರಡನೆಯ ಓದಿಗೆ ಸಾಲುಗಳು ಪರಿಚಿತವಾಗಿ ಕಣ್ಣು ಸಲೀಸಾಗಿ ಜಾರುತ್ತದೆ. ಆ ಸಲೀಸನ್ನು ಮಿದುಳು "ನನಗಿದು ಗೊತ್ತು" ಎಂದು ತಿಳಿದುಕೊಂಡುಬಿಡುತ್ತದೆ. ಕಂಡದ್ದನ್ನು ಗುರುತಿಸುವುದು ಒಂದು ಕೆಲಸ, ಕಾಣದ್ದನ್ನು ಒಳಗಿನಿಂದ ಎತ್ತಿ ತರುವುದು ಬೇರೆಯೇ ಕೆಲಸ. ವಿಶ್ವವಿದ್ಯಾಲಯದ ಪರೀಕ್ಷೆ ಕೇಳುವುದು ಎರಡನೆಯದನ್ನು, ನಮ್ಮ ಮಕ್ಕಳು ತಾಲೀಮು ಮಾಡುವುದು ಮೊದಲನೆಯದನ್ನು. 2013ರಲ್ಲಿ ಮನೋವಿಜ್ಞಾನಿ ಜಾನ್ ಡನ್ಲೊಸ್ಕಿ ಮತ್ತು ಸಂಗಡಿಗರು ಹತ್ತು ಓದಿನ ವಿಧಾನಗಳನ್ನು ತೂಗಿ ನೋಡಿದಾಗ ಹೈಲೈಟರಿಗೂ ಮರು ಓದಿಗೂ ಕೆಳಗಿನ ದರ್ಜೆ ಸಿಕ್ಕಿತು. ಮೇಲಿನ ದರ್ಜೆ ಪಡೆದವು ಎರಡೇ: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಓದನ್ನು ದಿನಗಳ ಮೇಲೆ ಹಂಚುವುದು.

ಹಂಚುವುದರ ಕಥೆ ಹಳೆಯದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಮರಳಿ ಕಲಿಯಲು ಎಷ್ಟು ಶ್ರಮ ಉಳಿಯಿತು ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಒಂದು ಗಂಟೆಯೊಳಗೇ ಅರ್ಧಕ್ಕಿಂತ ಹೆಚ್ಚು ಸೋರಿಹೋಗಿತ್ತು. ಆಮೇಲೆ ಸೋರುವ ವೇಗ ಇಳಿಯಿತು, ತಿಂಗಳಾದರೂ ಐದನೇ ಒಂದು ಭಾಗ ಉಳಿದಿತ್ತು. ಸೋರಿದ ಮೇಲೆ ಮತ್ತೆ ಕಲಿತರೆ ಎರಡನೆಯ ಸಲ ನಿಧಾನಕ್ಕೆ ಸೋರುತ್ತದೆ. ನಿಕೊಲಸ್ ಸೆಪೆಡಾ ಮತ್ತು ಸಂಗಡಿಗರು 2008ರಲ್ಲಿ ಈ ಅಂತರಕ್ಕೆ ಲೆಕ್ಕ ಕೊಟ್ಟರು: ಪರೀಕ್ಷೆ ಇನ್ನೊಂದು ವಾರಕ್ಕಿದ್ದರೆ ಒಂದು ದಿನ ಬಿಟ್ಟು ಮರಳಿ ಓದುವುದು, 35 ದಿನಕ್ಕಿದ್ದರೆ ಸುಮಾರು 11 ದಿನ ಬಿಟ್ಟು, ವರ್ಷಕ್ಕೆ ಹತ್ತಿರವಿದ್ದರೆ ಸುಮಾರು ಮೂರು ವಾರ ಬಿಟ್ಟು. ಕಬ್ಬಿಗೆ ತಿಂಗಳ ನೀರನ್ನೆಲ್ಲ ಒಂದೇ ದಿನ ಹಾಯಿಸುವ ರೈತ ನಮ್ಮಲ್ಲಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಆರು ತಿಂಗಳ ಪಾಠ ಹಾಯಿಸುವ ಅವನ ಮಗ ಮಾತ್ರ ಇದ್ದಾನೆ.

ಹಾಗಾದರೆ ಮಾಡುವುದೇನು? ಒಂದು ಪ್ರಶ್ನೆಯನ್ನೇ ಹಿಡಿದು ನೋಡೋಣ. ಸಸ್ಯಶಾಸ್ತ್ರದ ಪಾಠದಲ್ಲಿ ಬರುತ್ತದೆ: ಮಣ್ಣಿನಲ್ಲಿ ಉಪ್ಪು ಹೆಚ್ಚಾದರೆ ಗಿಡ ಏಕೆ ಬಾಡುತ್ತದೆ? ಪಾಠವನ್ನು ಒಮ್ಮೆ ಗಮನವಿಟ್ಟು ಓದಿ, ಪುಸ್ತಕ ಮುಚ್ಚಿ, ಹಾಳೆ ತೆಗೆದುಕೊಂಡು ಉತ್ತರ ಬರೆಯಿರಿ. ಮೊದಲ ಸಲ ಬಹಳಷ್ಟು ಜನ "ಉಪ್ಪು ಬೇರನ್ನು ಸುಡುತ್ತದೆ" ಎಂದು ಬರೆದು ನಿಲ್ಲುತ್ತಾರೆ. ಈಗ ಪುಸ್ತಕ ತೆರೆಯಿರಿ. ಮಣ್ಣು ಹಸಿಯಾಗಿಯೇ ಇದೆ, ಬೇರಿನ ಸುತ್ತ ನೀರೂ ಇದೆ, ಆದರೆ ಹೊರಗಿನ ದ್ರಾವಣದಲ್ಲಿ ಉಪ್ಪು ಹೆಚ್ಚಿದಷ್ಟೂ ಅದನ್ನು ಒಳಗೆಳೆದುಕೊಳ್ಳುವುದು ಬೇರಿಗೆ ಕಷ್ಟವಾಗುತ್ತದೆ. ನೀರಿನಲ್ಲಿ ನಿಂತೇ ಗಿಡ ಬಾಯಾರುತ್ತದೆ. ಕೆಲವು ಲವಣಗಳು ನೇರವಾಗಿಯೂ ಹಾನಿ ಮಾಡುತ್ತವೆ, ಆದರೆ ಮೊದಲ ಪೆಟ್ಟು ಬೀಳುವುದು ಅಭಿಸರಣೆಗೆ, ಅಂದರೆ ಬೇರು ನೀರೆಳೆದುಕೊಳ್ಳುವ ಆ ಕ್ರಿಯೆಗೆ. ತಪ್ಪಿದ ಜಾಗಕ್ಕೆ ಕೆಂಪು ಪೆನ್ನು ಹಾಕಿಕೊಳ್ಳಿ. ನಾಲ್ಕು ದಿನ ಬಿಟ್ಟು ಇದೇ ಪ್ರಶ್ನೆಯನ್ನು ಮತ್ತೆ ಖಾಲಿ ಹಾಳೆಯ ಮೇಲೆ ಬರೆಯಿರಿ. ತಪ್ಪು ಮಾಡಿ ತಿದ್ದಿಕೊಂಡ ಜಾಗ ಸುಲಭಕ್ಕೆ ಮರೆಯುವುದಿಲ್ಲ. ಈ ವಿಧಾನ ಓದಿದಷ್ಟು ಹಿತವಾಗಿರುವುದಿಲ್ಲ, ಮೊದಲ ವಾರ ತಲೆ ಖಾಲಿ ಇದೆ ಎಂದು ಹೆದರಿಕೆಯಾಗುತ್ತದೆ. ರಾಬರ್ಟ್ ಬಿಯೋರ್ಕ್ ಎಂಬ ಮನೋವಿಜ್ಞಾನಿ ಈ ಬಗೆಯ ಕಷ್ಟವನ್ನು ಬೇಕಾದ ಕಷ್ಟ ಎಂದೇ ಕರೆದರು.

ಇಲ್ಲಿ ಗಡಿಭಾಗದ ವಿದ್ಯಾರ್ಥಿಗೆ ಒಂದು ಹೆಚ್ಚುವರಿ ತೊಡಕಿದೆ. ಹತ್ತನೆಯವರೆಗೆ ಕನ್ನಡದಲ್ಲೋ ಮರಾಠಿಯಲ್ಲೋ ಓದಿ ಬಂದು, ಸೈನ್ಸ್ ತೆಗೆದುಕೊಂಡ ದಿನದಿಂದ ಎಲ್ಲವೂ ಇಂಗ್ಲಿಷು. ಅರ್ಥವಾಗದ ಇಂಗ್ಲಿಷ್ ವಾಕ್ಯವನ್ನು ಇದ್ದಂತೆ ಬಾಯಿಪಾಠ ಮಾಡುವುದು ಸುಲಭದ ದಾರಿ ಅನ್ನಿಸುತ್ತದೆ. ಅದು ಪದಗಳನ್ನು ನೆನಪಿಡುತ್ತದೆ, ವಿಷಯವನ್ನಲ್ಲ. ನನ್ನ ಅಭಿಪ್ರಾಯದಲ್ಲಿ ಒಳ್ಳೆಯ ಒರೆಗಲ್ಲು ಇದು: ಓದಿದ್ದನ್ನು ಮನೆಯ ಮಾತಿನಲ್ಲಿ, ಪಾರಿಭಾಷಿಕ ಪದ ಒಂದನ್ನೂ ಬಳಸದೆ, ಹೊಲದಿಂದ ಬಂದ ಅಪ್ಪನಿಗೆ ಹೇಳಿ. ಅವರು ಮರುಪ್ರಶ್ನೆ ಕೇಳಿದರೆ ನೀವು ಗೆದ್ದಿರಿ. ಇಂಗ್ಲಿಷ್ ಪದವನ್ನು ಆಮೇಲೆ ಜೋಡಿಸಿಕೊಂಡರಾಯಿತು.

ಈ ತನಕ ಹೇಳಿದ್ದು ಓದಿನ ಮಾತು. ಸಂಶೋಧನೆ ಎಂದೊಡನೆ ವಿದ್ಯಾರ್ಥಿಗಳು ಬೇರೊಂದು ಲೋಕಕ್ಕೆ ಬಂದವರಂತೆ ಗಂಭೀರರಾಗುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಪುಸ್ತಕ ಮುಚ್ಚಿ ತನ್ನನ್ನು ತಾನು ಕೇಳಿಕೊಳ್ಳುವವನು, ಉತ್ತರ ಯಾವ ಪುಸ್ತಕದಲ್ಲೂ ಇಲ್ಲದಾಗ ಅದೇ ಪ್ರಶ್ನೆಯನ್ನು ನೆಲಕ್ಕೋ ಜನಕ್ಕೋ ಕಾಗದಕ್ಕೋ ಕೇಳಿದರೆ ಅದೇ ಸಂಶೋಧನೆ. ತೊಂದರೆ ಶುರುವಾಗುವುದು ಪ್ರಶ್ನೆಯೇ ಇಲ್ಲದೆ ಹೊರಟಾಗ. ನಮ್ಮ ಕಾಲೇಜುಗಳ ಪ್ರಾಜೆಕ್ಟ್ ವರದಿಗಳ ರಟ್ಟು ನೋಡಿ. ಮುಕ್ಕಾಲು ಪಾಲು ತಲೆಬರಹಗಳು "ಒಂದು ಅಧ್ಯಯನ" ಎಂದು ಮುಗಿಯುತ್ತವೆ. ಅಧ್ಯಯನ ಯಾವುದರದ್ದು ಎಂದು ಕೇಳಿದರೆ ಮಾತುಕತೆ ಸುಮಾರಾಗಿ ಹೀಗೆ ಸಾಗುತ್ತದೆ:

"ಯಾವ ವಿಷಯ ತಗೊಂಡಿ ತಂಗಿ?"

"ಅಲಖನೂರ ಗ್ರಾಮದ ಕಬ್ಬು ಬೆಳೆಗಾರರ ಸಮಸ್ಯೆಗಳು, ಒಂದು ಅಧ್ಯಯನ ಅಂತ್ರಿ ಸರ್."

"ಯಾವ ಸಮಸ್ಯೆ?"

"ಎಲ್ಲಾ ಸಮಸ್ಯೆ ರೀ. ನೀರು, ಗೊಬ್ಬರ, ಕಟಾವು, ಬಿಲ್ಲು."

"ಅದು ಇರ್ಲಿ. ನಿಮ್ಮ ಹೊಲದಾಗ ಏನ್ ಆಗೇತಿ, ಅದನ್ನ ಹೇಳು."

"ಕೆಳಗಿನ ಪಟ್ಟಿ ಸವಳ ಆಗೇತ್ರಿ. ಅಲ್ಲಿ ಅಪ್ಪಾ ಕಬ್ಬು ಹಚ್ಚೂದ ಬಿಟ್ಟಾರ. ಮ್ಯಾಲಿನ ಪಟ್ಟಿ ಚಲೋ ಐತ್ರಿ."

"ಎರಡಕ್ಕೂ ಒಂದ ಬೋರಿನ ನೀರೇನು?"

"ಹೂಂ ರೀ, ಒಂದ ಬೋರು."

"ಹಂಗಾದ್ರ ಕೆಳಗಿನದಷ್ಟ ಯಾಕ ಸವಳ ಆತು?"

ಆ ಹುಡುಗಿ ಇಲ್ಲಿ ಸುಮ್ಮನಾಗುತ್ತಾಳೆ. ಅವಳ ಪ್ರಾಜೆಕ್ಟು ಈಗ ಶುರುವಾಯಿತು. ಎಲ್ಲಾ ಸಮಸ್ಯೆ ಎಂಬುದನ್ನು ಅಳೆಯಲು ಬರುವುದಿಲ್ಲ, ಕೆಳಗಿನದಷ್ಟೇ ಏಕೆ ಎಂಬುದನ್ನು ಅಳೆಯಬಹುದು.

ಕೃಷ್ಣಾ ತೀರದ ಕಪ್ಪು ಮಣ್ಣಿನಲ್ಲಿ ಈ ಸವಳು-ಜವಳಿನ ಕಾಟ, ಅಂದರೆ ನೆಲ ಉಪ್ಪಾಗುವ ಮತ್ತು ನೀರು ನಿಂತು ಜೌಗಾಗುವ ಕಾಟ, ಹೊಸದಲ್ಲ. ನೀರಾವರಿ ಬಂದಾಗ ಹೊಲಕ್ಕೆ ಬೇಕಾದ್ದಕ್ಕಿಂತ ಹೆಚ್ಚು ನೀರು ಹಾಯುತ್ತದೆ. ಕಪ್ಪು ಮಣ್ಣು ನೀರನ್ನು ಬೇಗ ಕೆಳಗಿಳಿಸುವುದಿಲ್ಲ, ಬಸಿದು ಹೋಗಲು ದಾರಿಯೂ ಇರುವುದಿಲ್ಲ. ಅಂತರ್ಜಲ ಬೇರಿನ ಹತ್ತಿರಕ್ಕೆ ಏರುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಸಣ್ಣ ಸಣ್ಣ ಸಂದುಗಳಲ್ಲಿ ಆ ನೀರು ಮೇಲಕ್ಕೆ ಜಿನುಗಿ ಆವಿಯಾಗುತ್ತದೆ, ಅದರಲ್ಲಿದ್ದ ಉಪ್ಪು ನೆಲದ ಮೇಲೆ ಬಿಳಿ ಪೊರೆಯಾಗಿ ಉಳಿಯುತ್ತದೆ. ತಗ್ಗಿನಲ್ಲಿರುವ ಹೊಲ ತನ್ನ ನೀರನ್ನಲ್ಲದೆ ಮೇಲಿನವರ ನೀರನ್ನೂ ಹೊರಬೇಕು. ಹಾಗಾಗಿ ಹುಡುಗಿಯ ಮೊದಲ ಊಹೆ ಸಿದ್ಧ: ಕೆಳಗಿನ ಪಟ್ಟಿಯಲ್ಲಿ ಅಂತರ್ಜಲ ಮೇಲಕ್ಕಿದೆ. ಊಹೆ ಸಿಕ್ಕೊಡನೆ ಅದನ್ನು ಸಾಬೀತು ಮಾಡಲು ಓಡಬಾರದು. ಅದು ತಪ್ಪಾಗಿದ್ದರೆ ಏನು ಕಾಣಬೇಕಿತ್ತು ಎಂದು ಮೊದಲು ಬರೆದಿಟ್ಟುಕೊಳ್ಳಬೇಕು. ಬೋರಿನ ನೀರೇ ಉಪ್ಪಾಗಿದ್ದರೆ ಎರಡೂ ಪಟ್ಟಿಗಳು ಕೆಡಬೇಕಿತ್ತು. ಗೊಬ್ಬರ ಕಾರಣವಾಗಿದ್ದರೆ ಹೆಚ್ಚು ಗೊಬ್ಬರ ಹಾಕಿದ ಪಟ್ಟಿ ಮೊದಲು ಕೆಡಬೇಕಿತ್ತು.

ಇನ್ನು ಅಳತೆ. ಮಣ್ಣಿನ ಉಪ್ಪನ್ನು ಅಳೆಯುವುದು ವಿದ್ಯುತ್ ವಾಹಕತೆಯಿಂದ. ಉಪ್ಪು ಹೆಚ್ಚಿದ್ದಷ್ಟೂ ಮಣ್ಣಿನ ದ್ರಾವಣದಲ್ಲಿ ವಿದ್ಯುತ್ತು ಹೆಚ್ಚು ಹರಿಯುತ್ತದೆ. ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಅದನ್ನು ಸವಳು ಮಣ್ಣು ಎಂದು ಪರಿಗಣಿಸುವುದು ರೂಢಿ. ಕಬ್ಬು ಅಷ್ಟರವರೆಗೆ ಕಾಯುವುದಿಲ್ಲ. 1.7 ದಾಟಿದೊಡನೆ ಅದರ ಇಳುವರಿ ಪ್ರತಿ ಒಂದು ಡೆಸಿಸೀಮನ್ಸ್‌ಗೆ ಸುಮಾರು ಶೇ 5.9ರಂತೆ ಇಳಿಯುತ್ತದೆ ಎಂಬುದು ಮಾಸ್ ಮತ್ತು ಹಾಫ್‌ಮನ್ ಎಂಬ ವಿಜ್ಞಾನಿಗಳು 1977ರಲ್ಲಿ ಕೊಟ್ಟ ಲೆಕ್ಕ. ವಾಹಕತೆ 5 ಇರುವ ಹೊಲದಲ್ಲಿ ಇಳಿಕೆ ಶೇ 19ರಿಂದ 20ರ ನಡುವೆ. ಎಕರೆಗೆ 40 ಟನ್ ಬರುತ್ತಿದ್ದ ಹೊಲದಲ್ಲಿ 32 ಟನ್ ಆಸುಪಾಸು.

ಇಲ್ಲೊಂದು ಗುಂಡಿ ಇದೆ, ಪ್ರಾಜೆಕ್ಟುಗಳು ಸಾಲಾಗಿ ಬೀಳುವ ಗುಂಡಿ. ಮೇಲಿನ ಅಂಕಿಗಳೆಲ್ಲ ಮಣ್ಣಿಗೆ ನೀರು ಕುಡಿಸಿ ಕೆಸರಿನಂತೆ ಕಲಸಿ, ಅದರಿಂದ ಹಿಂಡಿ ತೆಗೆದ ರಸದ ಅಳತೆಗೆ ಸಂಬಂಧಿಸಿದವು. ಕಾಲೇಜಿನ ಲ್ಯಾಬಿನಲ್ಲಿ ಅನುಕೂಲಕ್ಕೆಂದು ಒಂದು ಪಾಲು ಮಣ್ಣಿಗೆ ಎರಡು ಪಾಲು ನೀರು ಬೆರೆಸಿ ಅಳೆಯುತ್ತಾರೆ. ನೀರು ಹೆಚ್ಚಿದಾಗ ಉಪ್ಪು ತಿಳಿಯಾಗಿ ಅಂಕಿ ಕಡಿಮೆ ಬರುತ್ತದೆ. ಆ ಕಡಿಮೆ ಅಂಕಿಯನ್ನು 4ರ ಗೆರೆಗೆ ಹೋಲಿಸಿ "ಹೊಲ ಚೆನ್ನಾಗಿದೆ" ಎಂದು ಬರೆದರೆ ವರದಿ ರೈತನಿಗೆ ಮೋಸ ಮಾಡುತ್ತದೆ. ಅಂಕಿಯ ಪಕ್ಕದಲ್ಲಿ ಅದನ್ನು ಹೇಗೆ ಅಳೆದೆವು ಎಂಬುದು ಇರದಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ಆದ್ದರಿಂದ ಹೊಲದಲ್ಲಿ ಒಂದು ವಹಿ ಇರಲಿ: ತಾರೀಖು, ಯಾವ ಪಟ್ಟಿ, ಎಷ್ಟು ಆಳದ ಮಣ್ಣು, ಕೊನೆಯ ಸಲ ನೀರು ಹಾಯಿಸಿದ್ದು ಯಾವಾಗ. ಮಳೆಗಾಲದ ಮಣ್ಣನ್ನೂ ಏಪ್ರಿಲ್ ತಿಂಗಳ ಮಣ್ಣನ್ನೂ ಒಂದೇ ಕಾಲಂನಲ್ಲಿ ಬೆರೆಸಬಾರದು. ಮನೆಯ ಎರಡು ಪಟ್ಟಿಗಳಿಂದ ಊರಿನ ಬಗ್ಗೆ ತೀರ್ಪು ಕೊಡಲಾಗದು. ಇಂಥ ಮೇಲು-ಕೆಳಗಿನ ಜೋಡಿ ಹೊಲಗಳನ್ನು ಹತ್ತಾರು ಕಡೆ ಹುಡುಕಬೇಕು. ಜೊತೆಗೆ ರಸಸಾರವನ್ನೂ, ಸೋಡಿಯಂ ಪ್ರಮಾಣವನ್ನೂ ನೋಡಬೇಕು. ಸೋಡಿಯಂ ಅತಿಯಾದ ಕ್ಷಾರ ಮಣ್ಣಿಗೆ ಜಿಪ್ಸಂ ನೆರವಾಗುತ್ತದೆ. ಬರೀ ಸವಳಿಗೆ ಬೇಕಾದದ್ದು ಬಸಿಗಾಲುವೆ. ಇದು ತಿಳಿಯದೆ ಜಿಪ್ಸಂ ಚೀಲ ಸುರಿದ ರೈತನ ದುಡ್ಡು ಮಣ್ಣುಪಾಲು.

ರೈತರನ್ನು ಮಾತನಾಡಿಸುವುದೂ ಅಳತೆಯೇ. "ಸವಳಿನಿಂದ ನಿಮಗೆ ನಷ್ಟವಾಗಿದೆಯೇ?" ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ, ಮನೆಗೆ ಬಂದ ಹುಡುಗಿಗೆ ಇಲ್ಲ ಎನ್ನುವುದು ನಮ್ಮ ಕಡೆಯ ರೀತಿಯಲ್ಲ. "ಹೋದ ಹಂಗಾಮಿಗೆ ಈ ಪಟ್ಟಿಯೊಳಗ ಎಷ್ಟು ಟನ್ ಬಂತ್ರಿ ಕಾಕಾ? ಫ್ಯಾಕ್ಟರಿ ಪಾವತಿ ಅದಾವೇನ್ರಿ?" ಎಂದು ಕೇಳಿ. ಪಾವತಿ ಸಿಕ್ಕಿದರೆ ನೆನಪಿನ ಬದಲು ತೂಕ ಸಿಗುತ್ತದೆ.

ಹೊಲಕ್ಕೆ ಹೋಗುವ ಮುಂಚೆ ಇನ್ನೊಂದು ಕೆಲಸವಿದೆ, ಈ ಪ್ರಶ್ನೆಯನ್ನು ಹಿಂದೆ ಯಾರಾದರೂ ಕೇಳಿದ್ದಾರೆಯೇ ಎಂದು ನೋಡುವುದು. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಅಲ್ಲಿ ಸಿಕ್ಕ ಪ್ರಬಂಧವನ್ನು ಮೊದಲ ಪುಟದಿಂದ ಕಾದಂಬರಿಯಂತೆ ಓದುವ ಅಗತ್ಯವಿಲ್ಲ. ಸಾರಾಂಶ ಓದಿ, ಕೋಷ್ಟಕಗಳನ್ನು ನೋಡಿ, ಅಳೆದದ್ದು ಹೇಗೆ ಎಂಬ ಭಾಗಕ್ಕೆ ಹೋಗಿ. ಅಳತೆ ನಂಬುವಂತಿದ್ದರೆ ಮಾತ್ರ ಮುಂದಿನ ಓದು. ಹಳೆಯ ಕಾಲದ ಮಾಹಿತಿ ಬೇಕಿದ್ದವರಿಗೆ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ 21ನೆಯ ಸಂಪುಟವಿದೆ, 1884ರಲ್ಲಿ ಬಂದ ಬೆಳಗಾವಿ ಸಂಪುಟ.

ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ಎಡವುತ್ತಾರೆ. ರಾಯಬಾಗ ಸ್ವಾತಂತ್ರ್ಯದವರೆಗೂ ಕೊಲ್ಲಾಪುರ ಸಂಸ್ಥಾನದ ಕೈಯಲ್ಲಿತ್ತು. ಸಂಸ್ಥಾನ 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ಸೇರಿತು, 1956ರಲ್ಲಿ ಬೆಳಗಾವಿ ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಬಂತು. ಹಾಗಾಗಿ ಈ ಭಾಗದ ಹಳೆಯ ಕಂದಾಯ ಕಾಗದ ಹುಡುಕುವವರು ಬೆಂಗಳೂರಿನ ದಾರಿ ಹಿಡಿದರೆ ಬರಿಗೈಯಲ್ಲಿ ಬರಬಹುದು. ಕೊಲ್ಲಾಪುರದ ದಫ್ತರಗಳನ್ನು ನೋಡಬೇಕು. ಅಲ್ಲಿನ ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿವೆ. ಕನ್ನಡ, ಮರಾಠಿ ಎರಡೂ ಆಡುವ ಚಿಕ್ಕೋಡಿ, ನಿಪ್ಪಾಣಿ, ಕಾಗವಾಡದ ಮಕ್ಕಳು ಮೋಡಿ ಕಲಿತರೆ ಬೆಂಗಳೂರಿನ ಯಾವ ವಿದ್ವಾಂಸನಿಗೂ ಇಲ್ಲದ ಕೈಚಳಕ ಅವರದಾಗುತ್ತದೆ. ಗಡಿಯಲ್ಲಿ ಹುಟ್ಟಿದ್ದು ಕೊರತೆ ಎಂದು ಅವರಿಗೆ ಯಾರು ಹೇಳಿಕೊಟ್ಟರೋ!

ದೊಡ್ಡ ಉದಾಹರಣೆ ಬೇಕಿದ್ದರೆ ದೂರ ಹೋಗಬೇಕಿಲ್ಲ. ಪಕ್ಕದ ರಬಕವಿ-ಬನಹಟ್ಟಿಯ ಮನೆಯೊಂದರಲ್ಲಿ ವಚನಗಳ ಓಲೆಗರಿ ಕಂಡು ಬೆರಗಾದ ಫ.ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು. ಧಾರವಾಡದಲ್ಲಿ 1880ರಲ್ಲಿ ಹುಟ್ಟಿ ವಿಜಯಪುರದಲ್ಲಿ ನೆಲೆನಿಂತವರು. ಒಂದು ಕಟ್ಟು ಸಿಕ್ಕಿತೆಂದು ಅದನ್ನೇ ಅಚ್ಚಿಗೆ ಕೊಡಲಿಲ್ಲ, ವರ್ಷಗಟ್ಟಲೆ ಊರೂರು ತಿರುಗಿ ಇನ್ನಷ್ಟು ಕಟ್ಟು ಕೂಡಿಸಿದರು. ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಅಚ್ಚಿಗೆ ಪರಾಧೀನರಾಗಬಾರದೆಂದು 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು, 1926ರಲ್ಲಿ ಶಿವಾನುಭವ ಪತ್ರಿಕೆ ಶುರು ಮಾಡಿದರು. ಅವರಿಗೆ ಸ್ಕಾಲರ್‌ಶಿಪ್ಪೂ ಇರಲಿಲ್ಲ, ಗೈಡೂ ಇರಲಿಲ್ಲ. ಹುಡುಕಿದ್ದನ್ನು ತಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳದೆ ಅಚ್ಚು ಹಾಕಿ ಹಂಚಿದರು ಎಂಬುದು ನನಗೆ ಅವರ ಶ್ರಮಕ್ಕಿಂತಲೂ ಮಿಗಿಲಾಗಿ ಕಾಣುತ್ತದೆ.

ನಕಲಿನ ವಿಚಾರ ಹೆಚ್ಚು ಹೇಳಬೇಕಿಲ್ಲ. ಯುಜಿಸಿಯ 2018ರ ನಿಯಮದಂತೆ ಶೇ 10ರ ತನಕದ ಹೋಲಿಕೆಗೆ ದಂಡವಿಲ್ಲ, ಶೇ 60 ದಾಟಿದರೆ ಆ ಕೋರ್ಸಿಗೆ ವಿದ್ಯಾರ್ಥಿಯ ನೋಂದಣಿಯೇ ರದ್ದು. ಮೊಬೈಲಿನ ಎಐಗೆ ಹೇಳಿ ವರದಿ ಬರೆಸುವವರು ಈ ಜರಡಿಯಿಂದ ನುಸುಳಬಹುದು. ಆ ಎಐ ಇಲ್ಲದ ಪುಸ್ತಕಗಳ ಹೆಸರನ್ನೂ ಧೈರ್ಯವಾಗಿ ಬರೆದುಕೊಡುತ್ತದೆ ಎಂಬುದು ನೆನಪಿರಲಿ. ಅದಕ್ಕಿಂತ ದೊಡ್ಡ ನಷ್ಟ, ನೆನಪಿನಿಂದ ಎತ್ತಿ ತಂದು ಜೋಡಿಸುವ ಕೆಲಸವನ್ನು ಯಂತ್ರ ಮಾಡುತ್ತದೆ, ಕಲಿಯಬೇಕಾದ ತಲೆ ಖಾಲಿ ಕೂರುತ್ತದೆ.

ಕೊನೆಗೆ ಅಧ್ಯಾಪಕರಲ್ಲೂ ವಿದ್ಯಾರ್ಥಿಗಳಲ್ಲೂ ಒಂದು ಕೋರಿಕೆ. ಪ್ರಾಜೆಕ್ಟ್ ವರದಿಗಳು ಮಾರ್ಕು ಬಿದ್ದ ಮೇಲೆ ವಿಭಾಗದ ಮೂಲೆಯಲ್ಲಿ ಧೂಳು ತಿಂದು ರದ್ದಿಗೆ ಹೋಗುತ್ತವೆ. ಮುಂದಿನ ವರ್ಷದ ವಿದ್ಯಾರ್ಥಿ ಅದೇ ಊರಿನಲ್ಲಿ ಅದೇ ಕೆಲಸವನ್ನು ಸೊನ್ನೆಯಿಂದ ಶುರು ಮಾಡುತ್ತಾನೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಯಾವ ಊರಿನ ಬಗ್ಗೆ ಬರೆದಿರೋ ಆ ಊರಿನ ಅರಿವು ಕೇಂದ್ರಕ್ಕೆ ವರದಿಯ ಒಂದು ಪ್ರತಿ ಕೊಡಿ. ಹೊಲದ ವಹಿಯ ಝೆರಾಕ್ಸನ್ನೂ ಅದಕ್ಕೆ ಸೇರಿಸಿ ಹೊಲಿಸಿ. ಇವತ್ತು ಅಳೆದ ಹೊಲವನ್ನು ಹತ್ತು ವರ್ಷದ ನಂತರ ಇನ್ನೊಬ್ಬರು ಅಳೆದಾಗ, ಸವಳು ಏರಿತೋ ಇಳಿಯಿತೋ ಎಂದು ಹೇಳಲು ನಿಮ್ಮ ಅಂಕಿ ಬೇಕೇ ಬೇಕಾಗುತ್ತದೆ.